ಬರ್ಫಿ ತಟ್ಟೆಯ ಮೂಲೆ

ತುಪ್ಪ ಸವರಿದ ತಟ್ಟೆಗೆ ಕೊಬ್ಬರಿ ಬರ್ಫಿ ಸುರಿದಾಗ ಏಳುವ ಘಮಕ್ಕೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಸರಳರೇಖೆಯ ಸಮೀಕರಣ ನೆನಪಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಹನ್ನೊಂದನೆಯ ತರಗತಿಯ ಮಗಳು ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ಎನಕ್ಕು ವರಲೆಮ್ಮಾ! ಕಾಮರ್ಸ್‌ಗೆ ಮಾರಿಡ್ರೇನ್" ಎಂದಳು. ತನಗೆ ಬರುವುದಿಲ್ಲವಂತೆ, ಗಣಿತ ಬಿಟ್ಟು ಕಾಮರ್ಸ್ ಸೇರುತ್ತಾಳಂತೆ. "ಅಳುವುದಾದರೆ ಕನ್ನಡದಲ್ಲಿ ಅಳು" ಎಂದೆ. ತಮಿಳು ಊರಿನಲ್ಲೇ ಬೆಳೆದವಳು; ಅವಳ ತಮಿಳನ್ನು ಕನ್ನಡಕ್ಕೆ ತಿದ್ದುವುದು ನನ್ನ ದಿನನಿತ್ಯದ ಚಾಳಿ.

ಅದೇ ವಯಸ್ಸಿನಲ್ಲಿ ನಾನೂ ಹೀಗೇ ರಂಪ ಮಾಡಿದವಳು. ಆಗ ನಾವಿದ್ದದ್ದು ಕೋಡಂಬಾಕ್ಕಂನಲ್ಲಿ, ದೊಡ್ಡಮ್ಮನ ಮನೆಯ ಮಹಡಿಯಲ್ಲಿ. ದೊಡ್ಡಮ್ಮ ಶಾಲೆಯಲ್ಲಿ ಗಣಿತದ ಮೇಡಂ. ಮನೆಯಲ್ಲಿ ಬರ್ಫಿ ಕೊಯ್ಯುವ ಅಧಿಕಾರವೂ ಅವರದೇ. ಚೌಕ ತಟ್ಟೆಯ ಎರಡು ಅಂಚುಗಳ ಮೇಲೆ ಬೆರಳಿಟ್ಟು ಅಳೆದು, ಗುರುತಿನಿಂದ ಗುರುತಿಗೆ ಚಾಕು ಎಳೆಯುತ್ತಿದ್ದರು. ಬೇರೆಯವರು ಆ ಚಾಕು ಮುಟ್ಟಿದರೆ ಮುನಿಸು. ನಾನು ರಂಪ ಮಾಡಿದ ದಿನ ಮಾತ್ರ ನನ್ನ ಕೈಗೇ ಕೊಟ್ಟರು.

ನಾನು ಭಾರೀ ಜಾಣೆಯ ಹಾಗೆ ಮೂಲೆಯಿಂದಲೇ ಎಳೆದೆ.

"ಅಯ್ಯೋ ಪೆದ್ದಿ, ಮೂಲೇಲಿ ಎರಡೂ ಅಂಚಿನ ಅಳತೆ ಸೊನ್ನೆ. ಸೊನ್ನೇಲಿ ಭಾಗಿಸ್ತೀಯಾ? ಈ ಅಂಚು ಎಕ್ಸ್, ಮೂರು ಬೆರಳು ಬಿಡು; ಆ ಅಂಚು ವೈ, ಎರಡು ಬಿಡು. ಹಾಂ, ಎಳಿ. ಎಕ್ಸ್ ಕೆಳಗೆ ಮೂರು, ವೈ ಕೆಳಗೆ ಎರಡು, ಕೂಡಿಸಿದ್ರೆ ಒಂದು. ಮುಗೀತು!"

"ಒಂದೇ ಯಾಕೆ ದೊಡ್ಡಮ್ಮ?"

"ಈ ತುದೀಲಿ ಎಕ್ಸ್ ಪಾಲೇ ಪೂರ್ತಿ ಒಂದು, ವೈ ಸೊನ್ನೆ. ಆ ತುದೀಲಿ ಉಲ್ಟಾ. ನಡುಮಧ್ಯೆ ಅರ್ಧ ಅರ್ಧ. ಗೆರೆ ಮೇಲೆ ಎಲ್ಲಿ ನಿಂತ್ರೂ ಒಂದಕ್ಕೆ ಕಮ್ಮಿ ಆಗಲ್ಲ ಕಣೇ."

ನನ್ನ ಭಯ ಹೋಯಿತು ಎಂದರೆ ಸಾಲದು; ಜಂಬವೇ ಬಂತು. ಉತ್ತರ ಸರಿಯೇ ಎಂದು ಯಾರನ್ನೂ ಕೇಳಬೇಕಿಲ್ಲ, ಎಕ್ಸ್‌ಗೆ ಸೊನ್ನೆ ಹಾಕಿದರೆ ವೈ ಎಷ್ಟು ಬೆರಳೆಂದು ತಾನೇ ಬಾಯಿಬಿಡುತ್ತದೆ. ಆ ಜಂಬ ಈಗಲೂ ಇದೆ, ಮುಚ್ಚುಮರೆ ಯಾಕೆ?

ಇವತ್ತು ಪುಸ್ತಕ ಸರಿಸಿ, ಮಗಳ ಮುಂದೆ ತಟ್ಟೆ ಇಟ್ಟು ಚಾಕು ಕೊಟ್ಟೆ. ಅವಳೂ ಮೂಲೆಯಿಂದಲೇ ಎಳೆಯಬೇಕೆ! ದೊಡ್ಡಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಎರಡನೆಯ ಸಲ ಈ ಕಡೆ ನಾಲ್ಕು ಬೆರಳು, ಆ ಕಡೆ ಮೂರು ಬಿಟ್ಟು ಎಳೆದಳು. ಸಮೀಕರಣ ಬರೆದಳು. ಸೊನ್ನೆ ಹಾಕಿ ತಾಳೆ ನೋಡಿದಳು. ನನ್ನನ್ನು ಕೇಳಲೇ ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಮೊದಲ ತುಂಡನ್ನು ಅವಳ ಬಾಯಿಗೇ ಇಟ್ಟೆ.

"ಅಮ್ಮಾ, ಕಾಮರ್ಸ್ ವೇಂಡಾಂ. ನಾನು ಮ್ಯಾತ್ಸಲ್ಲೇ ಇರ್ತೀನಿ" ಎಂದಳು, ಬಾಯಿತುಂಬ ಬರ್ಫಿ.

ತಿದ್ದಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅರ್ಧ ತಮಿಳು, ಅರ್ಧ ಕನ್ನಡ. ಒಂದಕ್ಕೆ ಕಮ್ಮಿಯೇನಿಲ್ಲ.