ಮೆಟ್ಟಿಲಕ್ಕ ಹತ್ತದ ಮೆಟ್ಟಿಲು

ಆ ಮಾಲಿನ ಮ್ಯಾನೇಜರನ ಮುಖ ನೆನಪಾದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಇರಬಹುದು. ಆ ಕೋಪ ಬರುತ್ತದೆ, ಕೂಗಾಡುತ್ತದೆ, ಊಟದ ಹೊತ್ತಿಗೆ ಇಳಿಯುತ್ತದೆ. ಇದು ಮಾತ್ರ ಇಳಿಯುತ್ತಿಲ್ಲ. ಮರುದಿನ ಕೀಳಬೇಕಾಗಿದ್ದ ಕರೆಂಟನ್ನು ಅವನು ಒಂದು ದಿನ ಮುಂಚೆಯೇ ಕಿತ್ತ. ಅಷ್ಟಕ್ಕೆ ಇಷ್ಟೊಂದು ಸಿಟ್ಟೇ ಅನ್ನುವವರು ಮೆಟ್ಟಿಲಕ್ಕನ ವಿಷಯ ತಿಳಿದುಕೊಂಡು ಆಮೇಲೆ ಮಾತಾಡಲಿ.

ನಾನು ಎಸ್ಕಲೇಟರ್ ರಿಪೇರಿ ಮಾಡುವವನು. ಆ ಮಾಲ್ ಬಾಗಿಲು ತೆರೆದ ಹೊಸತರಲ್ಲಿ ಊರಿಗೆ ಊರೇ ನೋಡಲು ಬರುತ್ತಿತ್ತು. ಕೊಳ್ಳುವವರು ಕಡಿಮೆ, ತಂಪು ಗಾಳಿ ಕುಡಿಯುವವರೇ ಜಾಸ್ತಿ. ಗಾಜಿನ ಹಿಂದಿನ ಬೂಟುಗಳ ಬೆಲೆ ಓದಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಮುಂದೆ ಹೋಗುತ್ತಿದ್ದರು. ಆದರೆ ಎಸ್ಕಲೇಟರಿನ ಬುಡಕ್ಕೆ ಬಂದರೆ ಎಂಥ ಮೀಸೆಯವನ ಕಾಲೂ ನಡುಗುತ್ತಿತ್ತು. ಒಂದು ಕಾಲು ಮುಂದಿಟ್ಟು, ಹಿಂದೆ ತೆಗೆದು, ಹಿಂದಿನವರ ಕೈಲಿ ಬೈಸಿಕೊಳ್ಳುವುದು. ಅದಕ್ಕೇ ಅವಳನ್ನು ಅಲ್ಲಿ ನಿಲ್ಲಿಸಿದ್ದರು. ನೀಲಿ ಯೂನಿಫಾರ್ಮು, ಬಿಗಿಯಾಗಿ ಕಟ್ಟಿದ ಕೂದಲು. ಹೆದರಿದವರ ಕೈ ಹಿಡಿದು ಹತ್ತಿಸುವುದೇ ಅವಳ ಕೆಲಸ. ಜನರೇ ಅವಳಿಗೆ ಮೆಟ್ಟಿಲಕ್ಕ ಅಂತ ಹೆಸರಿಟ್ಟರು.

ಅವಳದ್ದೊಂದು ವರಸೆ ಇತ್ತು. ಒಂದು, ಎರಡು, ಮೂರು ಅಂತ ಎಣಿಸುತ್ತಿರಲಿಲ್ಲ. ಎಣಿಸಿದರೆ ಮೂರು ಅನ್ನುವಷ್ಟರಲ್ಲಿ ಮನುಷ್ಯ ಕಲ್ಲಾಗಿಬಿಡುತ್ತಾನೆ ಅನ್ನುತ್ತಿದ್ದಳು. ಮೊಣಕೈ ಹಿಡಿದು, "ಕಾಲು ನೋಡಬೇಡಿ, ನನ್ನ ಮುಖ ನೋಡಿ. ಮನೇಲಿ ಯಾರ್ಯಾರಿದ್ದೀರಿ?" ಅಂತ ಕೇಳುವಳು. ಅವರು "ನಾನು, ನಮ್ಮೆಜಮಾನ್ರು..." ಅಂತ ಶುರು ಮಾಡಿದ ಗಳಿಗೆಗೆ ಬೆನ್ನಿಗೆ ಸಣ್ಣದೊಂದು ಒತ್ತು. ಅತ್ತೆಯ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವರು ಅರ್ಧ ದಾರಿ ಮೇಲೆ! ಅಲ್ಲಿಂದ ತಿರುಗಿ ಅವಳಿಗೆ ಕೈ ಬೀಸುತ್ತಿದ್ದರು. ಆ ಊರಿನ ಅರ್ಧ ಮನೆಗಳ ಸಂಸಾರ ಅವಳಿಗೆ ಗೊತ್ತಿತ್ತು.

ಅವಳು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ಕೆಲಸದವರಿಗೆಲ್ಲ ಹಿಂಬದಿಯ ಸಿಮೆಂಟು ಮೆಟ್ಟಿಲು, ಅದೇ ಕಾನೂನು.

"ಒಂದ್ಸಲ ಹತ್ತಕ್ಕಾ, ಯಾರು ನೋಡ್ತಾರೆ?" ಅಂದೆ ಒಮ್ಮೆ.

"ಕ್ಯಾಮೆರಾ ನೋಡುತ್ತೆ. ಕಸ ಗುಡಿಸೋಳು ಹತ್ತಿ ಕೆಲಸ ಕಳಕೊಂಡ್ಳಲ್ಲ, ಮರೆತ್ಯಾ?"

"ಆ ಮ್ಯಾನೇಜರನ ಹತ್ರ ನಾನು ಮಾತಾಡ್ತೀನಿ!"

"ನೀನು ಮಾತಾಡಿದ್ರೆ ಇಬ್ಬರೂ ಮನೆಗೆ. ಸೀಟಿ ಹೊಡಿಬೇಡ ಕುಕ್ಕರ್, ಸುಮ್ನಿರು." ಅವಳು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಆಮೇಲೆ ಮೆಲ್ಲಗೆ ಅಂದಳು, "ಕದ್ದು ಹತ್ತೋದು ಬೇಡ ಕಣೋ. ಈ ಕೆಲಸ ಬಿಡೋ ದಿನ ಸ್ವಂತ ಬಟ್ಟೆ ಹಾಕ್ಕೊಂಡು ಗಿರಾಕಿ ಥರ ಬರ್ತೀನಿ. ಇಷ್ಟು ಜನರ ಕೈ ಹಿಡಿದಿದ್ದೀನಿ, ಆವತ್ತು ನನ್ನ ಕೈ ಯಾರಾದ್ರೂ ಹಿಡಿಲಿ."

"ನಾನು ಹಿಡೀತೀನಿ," ಅಂದೆ.

"ಮಾತು ಕೊಟ್ಟಂಗೆ ತಾನೆ?"

"ಕೊಟ್ಟಂಗೇ."

ವರ್ಷಗಳು ಹೋದವು. ಜನಕ್ಕೆ ಭಯ ಬಿಟ್ಟಿತು. ಮಕ್ಕಳು ಇಳಿಯುವ ಮೆಟ್ಟಿಲನ್ನೇ ಓಡಿ ಹತ್ತುತ್ತಿದ್ದವು. ಅವಳಿಗೆ ಈಗ ಕೈ ಹಿಡಿಯುವ ಕೆಲಸವಿಲ್ಲ, ಬರೀ ಗದರುವ ಕೆಲಸ. ಆಮೇಲೆ ಜನ ಅಂಗಡಿಗೆ ಬಂದು ಅಂಗಿ ಹಾಕಿ ನೋಡಿ, ಫೋಟೋ ಹೊಡೆದು, ಅಲ್ಲೇ ನಿಂತು ಫೋನಿನಲ್ಲಿ ತರಿಸಿಕೊಳ್ಳಲು ಶುರು ಮಾಡಿದರು. ಬೂಟಿನಂಗಡಿ ಮುಚ್ಚಿತು. ಗಡಿಯಾರದಂಗಡಿಯವನು ನೊಣ ಹೊಡೆಯುತ್ತ ಕೂತು ಕೂತು ಬಾಗಿಲೆಳೆದ. ಮೇಲಿನ ಮಹಡಿಗೆ ಹಲ್ಲಿನ ಆಸ್ಪತ್ರೆ ಬಂತು, ಅದೂ ಹೋಯಿತು. ಕೊನೆಗೆ ಇಡೀ ಕಟ್ಟಡ ಪಾರ್ಸೆಲ್ಲಿನ ಗೋಡೌನ್ ಆಗುತ್ತದೆ ಅಂತ ತೀರ್ಮಾನವಾಯಿತು. ರಟ್ಟಿನ ಡಬ್ಬಗಳಿಗೆ ಎಸ್ಕಲೇಟರ್ ಯಾಕೆ? ಕಿತ್ತು ಗುಜರಿಗೆ ಹಾಕಿ ಅಂದರು. ಕೀಳುವ ಕೆಲಸವೂ ನನ್ನ ಪಾಲಿಗೇ ಬಂತು.

ಅವಳ ಕೆಲಸವೂ ಅಲ್ಲಿಗೆ ಮುಗಿಯಿತು, ಶನಿವಾರ ಗಿರಾಕಿ ಥರ ಬರ್ತೀನಿ ಅಂದಳು. ಶನಿವಾರ ಸಂಜೆಯವರೆಗೆ ಕರೆಂಟು ಇರಲಿ, ಭಾನುವಾರ ಕೀಳಿ ಅಂತ ಮ್ಯಾನೇಜರನಿಗೆ ಬಾಯಿಬಿಟ್ಟು ಹೇಳಿದ್ದೆ, ಯಾಕೆ ಅಂತಲೂ ಹೇಳಿದ್ದೆ. ತಲೆಯಾಡಿಸಿದ್ದ.

ಶನಿವಾರ ಅವಳು ತಂಗಿಯ ಜೊತೆ ಬಂದಳು. ಲಾಂಡ್ರಿಯ ಹಿಂದಿನ ಒಂದೇ ಕೋಣೆಯಲ್ಲಿ ಅವಳೂ ಅವಳ ತಂಗಿಯೂ ಇರುತ್ತಿದ್ದರು. ತಂಗಿ ಹೊಲಿಗೆಯವಳು. ಅಕ್ಕನಿಗಾಗಿ ಹಸಿರು ಬಟ್ಟೆ ಹೊಲಿದಿದ್ದಳು, ಅಂಚು ಮೆಟ್ಟಿಲಿಗೆ ಸಿಕ್ಕದಿರಲಿ ಅಂತ ಒಂದು ಬೆರಳು ಗಿಡ್ಡ ಮಾಡಿ. ಜನ ಕಡಿಮೆಯಾದ ಮೇಲೆ, ಕಾಲಿಟ್ಟರೆ ಮಾತ್ರ ಓಡುವ ಹಾಗೆ ಮಾಡಿದ್ದ ಮೆಟ್ಟಿಲದು, ನಿಂತೇ ಇತ್ತು. ನಾನು ಹೋಗಿ ಮೊಣಕೈ ಹಿಡಿದೆ.

"ಕಾಲು ನೋಡಬೇಡಿ ಅಮ್ಮಾ," ಅಂದೆ, ಅವಳ ಧಾಟಿಯಲ್ಲೇ. "ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ತಂಗಿ..." ಅಂತ ನಗುತ್ತ ಕಾಲಿಟ್ಟಳು.

ಮೆಟ್ಟಿಲು ಅಲುಗಲಿಲ್ಲ. ಓಡುತ್ತದೆ ಅಂತ ನಂಬಿದ ಮೈ ಮುಂದಕ್ಕೆ ಮುಗ್ಗರಿಸಿತು. ಹಿಡಿದುಕೊಂಡೆ. ಬೆಳಗ್ಗೆ ಓಡಿಸಿ ನೋಡಿ, ಎಣ್ಣೆ ಹಾಕಿ, ಊಟಕ್ಕೆ ಹೋಗಿದ್ದೆ. ಅಷ್ಟರಲ್ಲಿ ತಂತಿ ಕತ್ತರಿಸಿದ್ದರು, ಮೀಟರು ಕೂಡ ಬಿಚ್ಚಿಕೊಂಡು ಹೋಗಿದ್ದರು.

ಮ್ಯಾನೇಜರನ ಕೋಣೆಗೆ ನುಗ್ಗಿದೆ. "ನಾಳೆ ಅಂದಿದ್ದೆಯಲ್ಲಯ್ಯಾ!"

"ಒಂದು ದಿನ ಮುಂಚೆ ಆದ್ರೆ ಆಕಾಶ ಬೀಳುತ್ತಾ? ನಡ್ಕೊಂಡು ಹತ್ತಲಿ. ಮೆಟ್ಟಿಲು ತಾನೆ?"

ಬಾಯಿಗೆ ಬಂದ ಹಾಗೆ ಬೈದೆ. ಕುರ್ಚಿ ಎತ್ತಿದ್ದೆ ಕೂಡ. ಅವಳೇ ಬಂದು ತೋಳು ಹಿಡಿದು ಹೊರಗೆ ಕರೆತಂದಳು.

"ಬಿಡೋ ಕುಕ್ಕರ್. ಇವನಿಗೆ ಹೇಳಿ ಏನು ಬಂತು?"

"ಹೊಸ ಮಾಲ್‌ಗೆ ಹೋಗೋಣ ನಡಿ. ಈಗಲೇ. ಅಲ್ಲಿ ಬೇಕಾದಷ್ಟಿವೆ."

"ಅಲ್ಲಿ ಯಾರನ್ನೂ ನಾನು ಹತ್ತಿಸಿಲ್ಲ ಕಣೋ," ಅಂದಳು. "ನನಗೆ ಬೇಕಾಗಿದ್ದು ಇದು."

ನಿಂತ ಮೆಟ್ಟಿಲಿನ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಳು. ಮಂಡಿ ನೋವಿನವಳು, ನಡೆದು ಹತ್ತಲು ಆಗುತ್ತಿರಲಿಲ್ಲ. ಕೈ ಹಿಡಿಯುವ ಪಟ್ಟಿಯ ರಬ್ಬರನ್ನು ಒಮ್ಮೆ ಸವರಿ, ತಂಗಿಯ ಹೆಗಲು ಹಿಡಿದು ಹೊರಟಳು.

ಮುಂದಿನ ಬೇಸಿಗೆಗೆ ಅವಳು ತೀರಿಕೊಂಡಳು. ಸುದ್ದಿ ತಡವಾಗಿ ಗೊತ್ತಾಗಿ ಆ ಕೋಣೆಗೆ ಹೋದೆ. ಹೊಲಿಗೆ ಮಿಷನ್ನಿನ ಪಕ್ಕ ಹಸಿರು ಬಟ್ಟೆ ಮೊಳೆಗೆ ನೇತಾಡುತ್ತಿತ್ತು. ಒಮ್ಮೆ ತೊಟ್ಟದ್ದು, ಮತ್ತೆ ತೊಡಲಿಲ್ಲವಂತೆ.

"ಅದರಲ್ಲಿ ನಿಮ್ಮ ತಪ್ಪೇನಿದೆ ಅಣ್ಣಾ?" ಅಂದಳು ತಂಗಿ.

"ತಪ್ಪು ನಂದು ಅಂತ ಯಾರಂದ್ರು?" ಅಂತ ಅವಳ ಮೇಲೂ ರೇಗಿದೆ. "ಮಾತು ಕೊಟ್ಟಿದ್ದೆ. ಅದು ಬಾಕಿ ಇದೆ, ಅಷ್ಟೇ."