ಎದುರಂಗಡಿಯ ಗಾಜು, ಲಗಮಪ್ಪನ ಎಮ್ಮಿ

ಅಥಣಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೂರ್ಯ ಕೂಡ ಲಗಮಪ್ಪನ ಅಪ್ಪಣೆ ಕೇಳಿಯೇ ಮೂಡಬೇಕು. ಕೋಳಿ ಗಂಟಲು ಸರಿಪಡಿಸಿಕೊಳ್ಳುವ ಹೊತ್ತಿಗೆ ಅವನು ಗೋಣಿತಾಟು ಹಾಸಿ, ರಿಮೋಟ್ ಕಾರುಗಳನ್ನು ಸಾಲಾಗಿ ಜೋಡಿಸಿ, ಒಂದೊಂದನ್ನೇ ಮಣ್ಣಿನಲ್ಲಿ ಓಡಿಸಿ ಕಿವಿಗೊಟ್ಟು ಕೇಳುತ್ತಿದ್ದಾನೆ. ಮೋಟರಿನ ಸದ್ದಿನಲ್ಲಿ ಸಾಸಿವೆಯಷ್ಟು ಗೊರಗೊರ ಇದ್ದರೂ ಹುಬ್ಬು ಗಂಟಾಗುತ್ತದೆ. ಆ ಕಿವಿಗೆ ಕೃಷ್ಣಾ ನದಿಯಲ್ಲಿ ಮೀನು ಸೀನಿದ್ದೂ ಕೇಳಿಸುತ್ತದೆಂದು ಓಣಿಯ ಜನ ಆಣೆ ಮಾಡಿ ಹೇಳುತ್ತಾರೆ.

ಇವತ್ತು ಮಾತ್ರ ಆ ಕಿವಿ ರಸ್ತೆಯಾಚೆಗೆ ನೆಟ್ಟಿದೆ. ಅಲ್ಲಿ ಅಪ್ಪಾಸಾಬನ ಆಟಿಕೆ ಅಂಗಡಿಯ ಶಟರ್ ಏಳುತ್ತದೆ, ಗಾಜಿನೊಳಗೆ ಸಾಲು ದೀಪ ಹತ್ತುತ್ತವೆ. ಲಗಮಪ್ಪನ ಹೊಟ್ಟೆಯಲ್ಲೂ ಹತ್ತುತ್ತದೆ. ಆ ಉರಿಗೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಜೋಡಿಸಿದರೆ ಇಡೀ ಹಂಗಾಮಿನ ಕಬ್ಬು ನುರಿಸಬಹುದು.

ಇಬ್ಬರೂ ಕಾಗವಾಡದಲ್ಲಿ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು. ವಿಠೋಬಾ ಮಾಸ್ತರನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತ, ಒಂದೇ ಮಣೆಯ ಮೇಲೆ ಕೂತು, ಒಂದೇ ರೊಟ್ಟಿ ಹರಿದು ತಿಂದವರು. ಲಗಮಪ್ಪನ ಅವ್ವ, ಅಪ್ಪ ಪರರ ದ್ರಾಕ್ಷಿ ತೋಟದಲ್ಲಿ ದುಡಿದವರು. ತೋಟದ ಮನೆಯವರು ಎಸೆದ ಮುರುಕು ರಿಮೋಟ್ ಕಾರೊಂದು ಲಗಮಪ್ಪನ ಕೈಯಲ್ಲಿ ಜೀವ ಪಡೆದದ್ದೇ ಈ ಕಸುಬಿನ ಹುಟ್ಟು. ಅದನ್ನು ನೋಡಿಯೇ ಅಪ್ಪಾಸಾಬನೂ ಈ ದಾರಿ ಹಿಡಿದ. ಇವನು ಗೋಣಿತಾಟಿನ ಮೇಲೆಯೇ ಉಳಿದ, ಅವನು ಗಾಜಿನೊಳಗೆ ಹೋದ.

"ಅವಂಗ ಅವನ ಮಾವ ಜಾಗಾ ಕೊಟ್ಟಾನ್ರಿ," ಎನ್ನುತ್ತಾನೆ ಲಗಮಪ್ಪ. "ನನ್ನ ಮಾವ ಕೊಟ್ಟಿದ್ದು ಮಗಳನ್ನಷ್ಟ."

ಪಕ್ಕದಲ್ಲಿ ಬ್ಯಾಟರಿ ಒರೆಸುತ್ತಿರುವ ಆ ಮಗಳು, ಅಂದರೆ ಹೆಂಡತಿ ಸುಂದರಾ, ತಲೆ ಎತ್ತುವುದಿಲ್ಲ. "ಆ ಮಗಳ ಇರದಿದ್ರ ಈ ಗೋಣಿತಾಟೂ ಇರ್ತಿದ್ದಿಲ್ಲ," ಎಂದಷ್ಟೇ ಹೇಳುತ್ತಾಳೆ.

ಚಿಕ್ಕೋಡಿ, ನಿಪ್ಪಾಣಿಯಿಂದಲೂ ಜನ ಇವನನ್ನು ಹುಡುಕಿಕೊಂಡು ಬರುತ್ತಾರೆ. ದಿನಕ್ಕೆ ಏಳೆಂಟು ಕಾರು ರಿಪೇರಿಗೆ, ಒಂದೆರಡು ಮಾರಾಟಕ್ಕೆ. ಹಬ್ಬದ ದಿನಗಳಲ್ಲಂತೂ ಗೋಣಿತಾಟು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ. ಹೊಸದಾಗಿ ಕಲಿಯುವವರಿಗೆ ಕಾರು ಆರಿಸಿಕೊಡುವುದರಲ್ಲಿ ಮೂರು ಲೋಕದಲ್ಲೂ ಅವನಿಗೆ ಸಾಟಿಯಿಲ್ಲ.

"ಮೊದಲನೇ ಕಾರು ಎಮ್ಮಿ ಇದ್ದಂಗ ಇರಬೇಕ್ರಿ. ನಿಧಾನ ಹೋಗಬೇಕು, ಬಡದ್ರ ಮುರೀಬಾರದು. ಮುರದ್ರ ಸಾಮಾನ ನಮ್ಮೂರಾಗ ಸಿಗಬೇಕು. ಓಟದ್ದು ಆಮ್ಯಾಲ ತಗೋಬಹುದು."

ಅಂಥದೊಂದು ಬೂದು ಬಣ್ಣದ ಕಾರು ಅವನ ಬಳಿ ಯಾವಾಗಲೂ ಇರುತ್ತದೆ. ದಪ್ಪ ಚಕ್ರ, ಮುಂದೆ ರಬ್ಬರ್ ಪಟ್ಟಿ, ರಿಮೋಟಿನಲ್ಲಿ ವೇಗ ಕಡಿಮೆ ಮಾಡುವ ಗುಂಡಿ, ಜೊತೆಗೆ ಹೆಚ್ಚಿನದೊಂದು ಬ್ಯಾಟರಿ. ಬೆಲೆಯೂ ಬಡವರ ಕೈಗೆಟುಕುವಂಥದ್ದು. ಅದರ ಹೆಸರೇ ಎಮ್ಮಿ.

ಇವತ್ತು ದಿಗ್ಗೇವಾಡಿಯ ಮುರಗೆಪ್ಪ ಬರುವವನಿದ್ದಾನೆ. ಮೂರು ತಾಲೂಕಿನ ಎತ್ತಿನ ಗಾಡಿ ಓಟದ ಶರ್ಯತ್ತುಗಳಲ್ಲಿ ಗಾಳಿಯನ್ನೇ ಹಿಂದೆ ಹಾಕಿದವನು. ಈಗ ಮೊಣಕಾಲು ಸೋತಿವೆ, ಓಟದ ಹುಚ್ಚು ಸೋತಿಲ್ಲ. ಕೂತಲ್ಲೇ ಓಡಿಸಲು ರಿಮೋಟ್ ಕಾರು ಬೇಕಂತೆ. ಅವನು ಸೀನಿದರೆ ದಿಗ್ಗೇವಾಡಿಗೆ ನೆಗಡಿ. ಅವನು ಗೋಣಿತಾಟಿನಿಂದ ಕೊಂಡರೆ ಇಡೀ ಊರು ಗೋಣಿತಾಟಿಗೆ, ಗಾಜಿನೊಳಗಿಂದ ಕೊಂಡರೆ ಇಡೀ ಊರು ಗಾಜಿಗೆ.

ಬಂದವನೇ ಮುರಗೆಪ್ಪ ಕಾರುಗಳನ್ನು ಹೋರಿ ನೋಡುವ ಹಾಗೆ ನೋಡುತ್ತಾನೆ. ಚಕ್ರ ಎತ್ತಿ ಗೊರಸು ಪರೀಕ್ಷಿಸುತ್ತಾನೆ, ಬೆನ್ನು ತಟ್ಟುತ್ತಾನೆ. ಲಗಮಪ್ಪನ ಕೈ ಎಮ್ಮಿಯತ್ತ ಹೋಗುತ್ತದೆ. ಅಷ್ಟರಲ್ಲಿ ರಸ್ತೆಯಾಚೆಯಿಂದ ಬಿಳಿ ಅಂಗಿಯ ಅಪ್ಪಾಸಾಬ, ಚಹಾಕ್ಕೆ ಬನ್ನಿರೆಂದು ಮುರಗೆಪ್ಪನನ್ನು ಕರೆಯುತ್ತಾನೆ. ಅವನ ಹಿಂದೆ ಕೆಂಪು, ನೀಲಿ ಓಟದ ಕಾರುಗಳು ಮದುವಣಗಿತ್ತಿಯರಂತೆ ಮಿಂಚುತ್ತಿವೆ. ಮುರಗೆಪ್ಪನ ಕತ್ತು ಆ ಕಡೆ ತಿರುಗುತ್ತದೆ.

ಲಗಮಪ್ಪನಿಗೆ ತಡೆಯಲಾಗುವುದಿಲ್ಲ. ಎಮ್ಮಿಯನ್ನು ಗೋಣಿತಾಟಿನ ಕೆಳಗೆ ತಳ್ಳಿ, ಯಾರೋ ಪಳಗಿದವರಿಗೆಂದು ತಂದಿಟ್ಟಿದ್ದ ಕೆಂಪು ಕಾರು ತೆಗೆಯುತ್ತಾನೆ. ಅದು ಓಡಿದರೆ ಅದರ ನೆರಳು ಮರುದಿನ ಬಂದು ಸೇರಬೇಕು, ಅಂಥ ಓಟ. ಸುಂದರಾ ಕೆಮ್ಮುತ್ತಾಳೆ. ಅವನಿಗೆ ಕೇಳಿಸುವುದಿಲ್ಲ.

ಮುರಗೆಪ್ಪನ ಕೈಗೆ ಕೊಟ್ಟ ಪಿಸ್ತೂಲಿನ ಆಕಾರದ ರಿಮೋಟಿನಲ್ಲಿ ಬೆರಳಿನ ಗುಂಡಿ ಜಗ್ಗಿದರೆ ಓಟ, ಬಿಟ್ಟರೆ ನಿಲುಗಡೆ. ಎತ್ತು ಓಡಿಸಿದವರಿಗೆ ಇದನ್ನು ಮೊದಲೇ ಹೇಳಬೇಕು. ದಿನವೂ ಹೇಳುವ ಲಗಮಪ್ಪ ಇವತ್ತು ಮರೆಯುತ್ತಾನೆ. ಕಾರು ಚಿಮ್ಮುತ್ತದೆ. ನಿಲ್ಲಿಸಲು ಮುರಗೆಪ್ಪ ಜೀವಮಾನವಿಡೀ ಮಾಡಿದ್ದನ್ನೇ ಮಾಡುತ್ತಾನೆ: ಎತ್ತಿನ ಹಗ್ಗವೆಂದೇ ತಿಳಿದು ಗುಂಡಿ ಜಗ್ಗುತ್ತಾನೆ. ಕಾರು ಇನ್ನೂ ಓಡುತ್ತದೆ. ಅವನು ಹಿಂದಕ್ಕೆ ವಾಲಿ, ಹೋ ಹೋ ಎನ್ನುತ್ತ, ಇನ್ನೂ ಬಿಗಿಯಾಗಿ ಜಗ್ಗುತ್ತಾನೆ. ಕಾರು ರಸ್ತೆ ದಾಟಿ, ಮೆಟ್ಟಿಲು ಹಾರಿ, ಅಪ್ಪಾಸಾಬನ ಗಾಜಿಗೆ ಹೋಗಿ ಗುದ್ದುತ್ತದೆ. ಗಾಜಿನ ತುಂಬ ಜೇಡರ ಬಲೆಯಂಥ ಬಿರುಕು.

ಕಣ್ಣು ಮಿಟುಕಿಸುವಷ್ಟು ಹೊತ್ತು ಲಗಮಪ್ಪನ ಎದೆಯಲ್ಲಿ ಬ್ಯಾಂಡು ಬಾಜಾ. ಮರುಕ್ಷಣ ಹೆದರಿಕೆ. ಅಪ್ಪಾಸಾಬ ಮೂತಿ ಮುರಿದ ಕಾರು ಹಿಡಿದು ರಸ್ತೆ ದಾಟಿ ಬರುತ್ತಿದ್ದಾನೆ. ಅವನು ಒಂದು ಮಾತಾಡಿದರೆ ಸಾಕು, ದಿಗ್ಗೇವಾಡಿಯ ಗಿರಾಕಿ ಗಾಜಿನ ಪಾಲು.

"ಲಗಮ್ಯಾ, ಎಮ್ಮಿ ಎಲ್ಲೈತಲೇ?" ಎನ್ನುತ್ತಾನೆ ಅಪ್ಪಾಸಾಬ. ಆಮೇಲೆ ಮುರಗೆಪ್ಪನತ್ತ ತಿರುಗುತ್ತಾನೆ. "ಅಣ್ಣಾರ, ಕಲಿಯಾಕ ಇವನ ಕಡೇದ ತಗೋರಿ. ನನ್ನ ಅಂಗಡ್ಯಾಗ ಅಂಥಾದ್ದು ಇಟ್ಟಿಲ್ಲ."

ಗಾಜಿನ ಮಾತನ್ನೇ ಎತ್ತದೆ ಹೊರಟುಹೋಗುತ್ತಾನೆ.

ಸುಂದರಾ ಗೋಣಿತಾಟಿನಡಿಯಿಂದ ಎಮ್ಮಿಯನ್ನು ತೆಗೆದು ಮುರಗೆಪ್ಪನ ಮುಂದಿಡುತ್ತಾಳೆ. ಬೆರಳು ಬಿಟ್ಟರೆ ನಿಲ್ಲುತ್ತದೆಂದು ಲಗಮಪ್ಪ ಈಗ ಬಿಡಿಸಿ ಹೇಳುತ್ತಾನೆ. ಮುರಗೆಪ್ಪ ಬಿಟ್ಟು ನೋಡುತ್ತಾನೆ, ನಿಲ್ಲುತ್ತದೆ. ಮತ್ತೆ ಓಡಿಸುತ್ತಾನೆ, ಮತ್ತೆ ಬಿಡುತ್ತಾನೆ. ಬಿಸಿಲೇರುವ ತನಕ ಆ ಎಮ್ಮಿ ಓಣಿಯ ಬೇವಿನ ಮರ ಸುತ್ತುತ್ತಲೇ ಇರುತ್ತದೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಏಳುವಾಗ, ಗೆಳೆಯರಿಗೂ ಇಂಥವೇ ಬೇಕು, ತರಿಸಿಡು ಎನ್ನುತ್ತಾನೆ. ದಿಗ್ಗೇವಾಡಿ ಗೋಣಿತಾಟಿಗೆ ದಕ್ಕಿದೆ.

ಆದರೂ ಲಗಮಪ್ಪನ ಮುಖ ಹುಣಸೆ ಚಿಗುರು ಅಗಿದಂತಿದೆ. ಅಪ್ಪಾಸಾಬನ ಅಂಗಡಿ ದೊಡ್ಡದಿರುವುದನ್ನು ಇಷ್ಟು ವರ್ಷ ಹೇಗೋ ಸಹಿಸಿದ. ಮನಸ್ಸೂ ದೊಡ್ಡದೆಂದರೆ ಮನುಷ್ಯ ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಬೇಕು? ಗಾಜು ಹಾಕಿಸಿಕೊಡಲು ಹೋದರೆ ಆ ಪುಣ್ಯಾತ್ಮ ಚಹಾ ಕುಡಿಸಿ ಕಳಿಸಿದ್ದಾನೆ. ಚಹಾ ಕೂಡ ಚೆನ್ನಾಗಿತ್ತಂತೆ.

ನಿನಗೂ ಅಂಥದೊಂದು ಅಂಗಡಿಯ ಆಸೆಯಿಲ್ಲವೇ ಎಂದು ಕೇಳಿದರೆ ಲಗಮಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು ರಸ್ತೆಯಾಚೆ ನೋಡುತ್ತಾನೆ.

"ನನಗ ದೊಡ್ಡ ಅಂಗಡಿ ಏನ ಬ್ಯಾಡ್ರಿ. ದೇವರು ಅವಂದ ಒಂದೀಟ ಸಣ್ಣದ ಮಾಡಿದ್ರ ಸಾಕು."