ಎರಡು ಬಾಟಲಿ, ಒಂದೇ ನೀರು

ಎರಡು ಬಾಟಲಿ ನೀರು. ಒಂದು ಕಲ್ಲಿದ್ದಲು ಗಣಿಗೆ ಮುಂಚಿನ ಹೊಳೆಯದ್ದು, ಇನ್ನೊಂದು ಅದೇ ಹೊಳೆ ಗಣಿ ದಾಟಿದ ಮೇಲಿನದ್ದು. ಎರಡರ ರಿಸಲ್ಟೂ ಒಂದೇ. ಗಣಿಯ ನೀರು ಸೇರಿದ ಮೇಲೂ ಹೊಳೆ ಒಂಚೂರೂ ಬದಲಾಗಿಲ್ಲ ಅಂದರೆ ನೀವು ನಂಬುತ್ತೀರಾ?

ನಾನು ನಂಬಿದ್ದೆ. (ಚೆಂಬೂರಿನ ಪುಟ್ಟ ಲ್ಯಾಬೊಂದರಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು ಎಂದು ಹಳೆಯ ಓದುಗರಿಗೆ ಗೊತ್ತು.) ವಿದರ್ಭದ ಆ ಗಣಿಯಿಂದ ಮೂರು ತಿಂಗಳಿಗೊಮ್ಮೆ ಪಾರ್ಸೆಲ್ ಬರುತ್ತದೆ. ಪರೀಕ್ಷೆ ಮಾಡು, ಸಹಿ ಹಾಕು, ಕಳಿಸು. ವಡಾಲದಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದ ಮೈಗೆ ಅದಕ್ಕಿಂತ ಹೆಚ್ಚಿನ ಪ್ರಶ್ನೆ ಏಳುವುದಿಲ್ಲ.

ಈ ಸಲ ಯಾಕೋ ಹಳೆಯ ಫೈಲ್ ತೆಗೆದೆ. ಹಿಂದಿನ ಮೂರು ಸಲವೂ ಹೀಗೇ, ಅವಳಿ ಜವಳಿ. ಮೂರಕ್ಕೂ ನನ್ನದೇ ಸಹಿ.

ಲೇಬಲ್ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಬಾಟಲಿ ತುಂಬುವ ಗಣಿ ನೌಕರ ವಾಮನರಾವ್. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಗಣಿಯ ಮಣ್ಣಿನ ರಾಶಿ ಕುಸಿದು ಹೊಳೆಯ ಕೆಳಭಾಗಕ್ಕೆ ಹೋಗುವ ದಾರಿ ಮುಚ್ಚಿದೆಯಂತೆ. ಸುತ್ತು ಹಾಕಿ ಹೋದರೆ ಅರ್ಧ ದಿನ. ಗಣಿಗೆ ಮುಂಚಿನ ಸೇತುವೆ ಹತ್ತಿರವೇ ಎರಡೂ ತುಂಬಿಬಿಡು ಎಂದು ಸೂಪರ್‌ವೈಸರ್ ಅಂದರಂತೆ.

ಕೆಳಗೆ ಆ ನೀರನ್ನು ಯಾರು ಬಳಸುತ್ತಾರೆ ಎಂದು ಕೇಳಿದೆ.

"ನಮ್ಮ ಊರೇ ಇರೋದು ಕೆಳಗೆ, ಮೇಡಂ."

ಫೋನ್ ಇಟ್ಟೆ. ತನ್ನ ಮನೆಯ ನೀರಿನ ಬಗ್ಗೆಯೇ ಆ ಮನುಷ್ಯ ಸುಳ್ಳು ತುಂಬಿ ಕಳಿಸುತ್ತಿದ್ದರು. ಆ ಸುಳ್ಳಿಗೆ ಸೀಲ್ ಒತ್ತುತ್ತಿದ್ದವಳು ನಾನು.

ಲ್ಯಾಬಿನ ಮಾಲೀಕರು ಉಡುಪಿ ಕಡೆಯವರು, ಕೆಟ್ಟವರಲ್ಲ. ಈ ರಿಪೋರ್ಟಿಗೆ ಸಹಿ ಹಾಕುವುದಿಲ್ಲ, ಹೊಸ ಸ್ಯಾಂಪಲ್ ಬೇಕು ಎಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಟ್ಲಿಯಲ್ಲಿರುವ ನೀರು ಟೆಸ್ಟ್ ಮಾಡುದು ನಮ್ಮ ಕೆಲ್ಸ ಮಾರಾಯ್ರೆ. ಹೊಳೆ ಕಾಯುದಲ್ಲ."

ಈ ಗಿರಾಕಿ ಕೈಬಿಟ್ಟರೆ ಇಬ್ಬರನ್ನು ಮನೆಗೆ ಕಳಿಸಬೇಕಾದೀತು ಎಂದೂ ಅಂದರು. (ಆ ಇಬ್ಬರಲ್ಲಿ ನಾನೂ ಒಬ್ಬಳೇ ಎಂದು ಕೇಳುವ ಧೈರ್ಯ ಬರಲಿಲ್ಲ.) ಆದರೂ ಸಂಜೆಯೊಳಗೆ ಹೊಸ ಸ್ಯಾಂಪಲ್ ಕೇಳಿ ಗಣಿಗೆ ಮೇಲ್ ಕಳಿಸಿದವರು ಅವರೇ.

ಎರಡು ದಿನ ಬಿಟ್ಟು ವಾಮನರಾವ್ ಫೋನ್ ಮಾಡಿದರು. ಸುತ್ತು ಹಾಕಿಯೇ ಹೋಗುತ್ತೇನೆ ಎಂದರು. ಆಮೇಲೆ ತಡೆದು, "ಲೇಬಲ್ ಮೇಲೆ ನನ್ನ ಹೆಸರು ಇರುತ್ತಲ್ವಾ?" ಎಂದು ಕೇಳಿದರು.

ಇರಲೇಬೇಕು ಎಂದೆ.

"ಇರಲಿ ಬಿಡಿ," ಅಂದರು.

ಬಾಟಲಿ ಬಂತು. ತಳದಲ್ಲಿ ತುಕ್ಕಿನ ಬಣ್ಣದ ಗಸಿ. ಆಸಿಡ್ಡೂ ಕಬ್ಬಿಣವೂ ಮಿತಿ ಮೀರಿದ್ದವು. ಸಹಿ ಹಾಕಿದೆ. ಹಳೆಯ ಮೂರು ರಿಪೋರ್ಟ್‌ಗಳನ್ನು ನಂಬಬೇಡಿ ಎಂದೂ ಬರೆದು ಕಳಿಸಿದೆವು. ಖುಷಿಯಾಯಿತಾ? ಇಲ್ಲ. ರಿಪೋರ್ಟ್ ವಾಪಸ್ ತೆಗೆದುಕೊಳ್ಳಬಹುದು. ಅಷ್ಟು ತಿಂಗಳು ಜನ ಕುಡಿದ ನೀರನ್ನು?

ಗಣಿಯವರು ಧನ್ಯವಾದ ಹೇಳಿದರು. ಮುಂದಿನ ಪಾರ್ಸೆಲ್ ನಮಗೆ ಬರಲೇ ಇಲ್ಲ. ಬೇರೆ ಲ್ಯಾಬ್ ಹಿಡಿದರು. ನಮ್ಮಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ, ಸದ್ಯಕ್ಕೆ.

ಕಳೆದ ವಾರ ವಾಮನರಾವ್ ಮತ್ತೆ ಫೋನ್ ಮಾಡಿದ್ದರು. ಗಣಿಯ ನೀರು ನಿಲ್ಲಿಸುವ ಹೊಂಡದ ಹೂಳು ತೆಗೆಯುತ್ತಿದ್ದಾರೆ, ಆಸಿಡ್ ತಗ್ಗಲು ಸುಣ್ಣ ಹಾಕುತ್ತಿದ್ದಾರೆ, ಊರಿಗೆ ಟ್ಯಾಂಕರ್ ಬರುತ್ತಿದೆ. ಅವರನ್ನು ಮಾತ್ರ ಲಾರಿ ತೂಗುವ ಕಾಟಾಕ್ಕೆ ಹಾಕಿದ್ದಾರೆ. ಬೇಜಾರಿಲ್ಲ, ಕೂತು ಮಾಡುವ ಕೆಲಸ ಎಂದರು.

ಹಾಗಾದರೆ ಈಗ ಬಾಟಲಿ ತುಂಬುವವರು ಯಾರು ಎಂದು ಕೇಳಿದೆ. ಹೊಸಬನಂತೆ, ಬೇರೆ ಊರಿನವನಂತೆ.

ನೀರನ್ನು ಅಳೆಯುವ ಕೆಲಸ ಕೊನೆಗೆ ಆ ನೀರು ಕುಡಿಯದವರ ಕೈಗೇ ಯಾಕೆ ಹೋಗುತ್ತದೆ, ಹೇಳಿ?